ನಡುದಾರಿಯಲ್ಲಿ ಸಿಕ್ಕ ಮನ್ನಣೆ

ಉಗಾಂಡಾದ ತರುಣ ಬ್ರಯಾನ್ ಗಿಟ್ಟಾ ಅವರಿಗೆ ಮಲೇರಿಯಾ ಬಂದಿತ್ತು. ಮತ್ತೆ ಮತ್ತೆ ಸೂಜಿ ಚುಚ್ಚಿ ರಕ್ತ ತೆಗೆದರೂ ರೋಗ ಬೇಗ ಪತ್ತೆಯಾಗಲಿಲ್ಲ. ಸೂಜಿಯೇ ಇಲ್ಲದ ಪರೀಕ್ಷೆ ಸಾಧ್ಯವಿಲ್ಲವೇ? ಗೆಳೆಯರೊಂದಿಗೆ ಸೇರಿ ಅವರು ‘ಮಟಿಬಾಬು’ ಎಂಬ ಸಾಧನ ರೂಪಿಸಿದರು. ಅದನ್ನು ಬೆರಳಿಗೆ ಸಿಕ್ಕಿಸಬೇಕು. ಅದರ ಕೆಂಪು ಬೆಳಕು ರಕ್ತಕಣಗಳ ಬಣ್ಣ, ಆಕಾರಗಳಲ್ಲಿ ಆಗಿರುವ ಬದಲಾವಣೆಯನ್ನು ಹುಡುಕುತ್ತದೆ. ಫಲಿತಾಂಶ ಮೊಬೈಲಿಗೆ ಬರುತ್ತದೆ.

2018ರಲ್ಲಿ, 24ನೆಯ ವಯಸ್ಸಿಗೇ, ಅವರಿಗೆ ಆಫ್ರಿಕಾದ ಎಂಜಿನಿಯರಿಂಗ್ ಆವಿಷ್ಕಾರ ಪ್ರಶಸ್ತಿ ಬಂತು. ಬ್ರಿಟನ್ನಿನ ರಾಯಲ್ ಅಕಾಡೆಮಿ ಆಫ್ ಎಂಜಿನಿಯರಿಂಗ್ ಕೊಡುವ ಪ್ರಶಸ್ತಿ ಅದು. ಆ ವರ್ಷ ಅದರ ಮೊತ್ತ 25,000 ಪೌಂಡ್ ಇತ್ತು.

ನನ್ನ ಮನಸ್ಸು ನಿಲ್ಲುವುದು ಇನ್ನೊಂದು ಸಂಗತಿಯ ಮೇಲೆ. ಆ ಸಾಧನ ಆಗಿನ್ನೂ ಪ್ರಯೋಗದ ಹಂತದಲ್ಲಿತ್ತು. ಕೆಲಸ ಮುಗಿದಿರಲಿಲ್ಲ. ನಾವಾದರೋ ಸಾಮಾನ್ಯವಾಗಿ ತಲೆ ನರೆತ ಮೇಲೆ ಶಾಲು ಹೊದಿಸುತ್ತೇವೆ. ಇಲ್ಲಿ ನಡುದಾರಿಯಲ್ಲೇ ಕೈ ಹಿಡಿದರು. ಪ್ರಶಸ್ತಿಯ ಅಂತಿಮ ಸುತ್ತಿಗೆ ಮೊದಲು, ಆಯ್ಕೆಯಾದವರಿಗೆಲ್ಲ ತಿಂಗಳುಗಟ್ಟಲೆ ತರಬೇತಿಯೂ ಉಂಟು. ಗೆಲ್ಲದವರೂ ಬರಿಗೈಯಲ್ಲಿ ಮರಳುವುದಿಲ್ಲ. ಇದು ಎಷ್ಟು ದೊಡ್ಡ ಮನಸ್ಸಿನ ಏರ್ಪಾಡು!

ನಿಮ್ಮ ಮನೆಯ ಮಗುವೋ, ನೆರೆಮನೆಯ ಹುಡುಗಿಯೋ ಇವತ್ತು ಅರ್ಧ ಮಾಡಿದ ಮಾದರಿಯೊಂದನ್ನು ತಂದು ತೋರಿಸಿದರೆ, ದಯವಿಟ್ಟು ಕುಳಿತು ಪೂರ್ತಿ ಕೇಳಿ.