ಕಾಗದದ ಟ್ರೇಯೂ ಸೂಕ್ಷ್ಮತರಂಗವೂ



ರಾಜ್ಯೋತ್ಸವದ ವೇದಿಕೆಯಲ್ಲಿ ಕವಿಗಳು ಮಾತನಾಡಬೇಕು, ಪಂಡಿತರು ಮಾತನಾಡಬೇಕು. ಬ್ಯಾಂಕಿನ ಗುಮಾಸ್ತನೊಬ್ಬನು ಮೊಟ್ಟೆ ಇಡುವ ಟ್ರೇಯನ್ನು ಒಣಗಿಸುವ ವಿಚಾರ ಹೇಳಹೊರಟರೆ ತಮಗೆ ನಗು ಬರುವುದು ಸಹಜ. ಆದರೆ ನಮ್ಮ ಮುಂಬಯಿ ಕನ್ನಡಿಗರಲ್ಲಿ ಹೋಟೆಲು ನಡೆಸುವವರು ಬಹುಮಂದಿ. ಅವರ ಮಕ್ಕಳಲ್ಲಿ ಸಣ್ಣ ಕೈಗಾರಿಕೆಯೊಂದನ್ನು ಹೂಡಬೇಕೆನ್ನುವವರೂ ಉಂಟು. 2022ನೆಯ ಇಸವಿ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿನ ತಟ್ಟೆ, ಲೋಟ, ಚಮಚಗಳನ್ನು ದೇಶಾದ್ಯಂತ ನಿಷೇಧಿಸಲಾಯಿತು. ನಾರಿನಿಂದ ಮಾಡಿದ ತಟ್ಟೆ, ಟ್ರೇಗಳ ಕಡೆಗೆ ಅನೇಕರ ಕಣ್ಣು ಹೊರಳಿದೆ. ಇಂಥ ಉದ್ಯಮಕ್ಕೆ ಸಾಲ ಕೇಳುವವರು ಯಂತ್ರದ ಬೆಲೆಯನ್ನು ಬರೆಯುತ್ತಾರೆ, ಬಾಡಿಗೆಯನ್ನು ಬರೆಯುತ್ತಾರೆ. ಹೊರಹಾಕಬೇಕಾದ ನೀರಿನ ಲೆಕ್ಕವನ್ನು ಮಾತ್ರ ಮರೆಯುತ್ತಾರೆ. ಲಾಭನಷ್ಟ ನಿಂತಿರುವುದು ಆ ನೀರಿನ ಮೇಲೆಯೇ.

ಟ್ರೇಯನ್ನು ಮಾಡುವ ಬಗೆ ಸುಲಭವಾದುದು. ರದ್ದಿ ಕಾಗದವನ್ನು ನೀರಿನಲ್ಲಿ ಕದಡಿ ಅಂಬಲಿಯಂತೆ ಮಾಡುತ್ತಾರೆ. ಅದರಲ್ಲಿ ಜಾಲರಿಯ ಅಚ್ಚನ್ನು ಅದ್ದಿ, ಹಿಂಬದಿಯಿಂದ ಗಾಳಿಯನ್ನು ಎಳೆದರೆ ನೀರು ಸೋರಿ, ನಾರು ಅಚ್ಚಿಗೆ ಅಂಟಿ ನಿಲ್ಲುತ್ತದೆ. ಟ್ರೇಯ ಆಕಾರವೇನೋ ಬಂತು. ಆದರೆ ಆಗಲೂ ಅದರ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ ಇರುತ್ತದೆ. ಒಣಗಿದ ಮೇಲೆ 70 ಗ್ರಾಮು ತೂಗುವ ಟ್ರೇ, ಅಚ್ಚಿನಿಂದ ಇಳಿಯುವಾಗ 210 ಗ್ರಾಮು ನೀರನ್ನು ಹೊತ್ತಿರುತ್ತದೆ ಎಂದಾಯಿತು.

ಬಿಸಿಲಿಗೆ ಹರಡಿದರೆ ಖರ್ಚಿಲ್ಲ, ನಿಜ. ಆದರೆ ಮುಂಬಯಿಯ ಮಳೆಗಾಲ ನಾಲ್ಕು ತಿಂಗಳು. ಆ ದಿನಗಳಲ್ಲಿ ಮಾಲು ಬೂಸಲು ಹಿಡಿಯುತ್ತದೆ, ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಆದುದರಿಂದ ದೊಡ್ಡ ಕಾರ್ಖಾನೆಗಳಲ್ಲಿ ಉದ್ದನೆಯ ಬಿಸಿಗಾಳಿಯ ಒಲೆಗಳುಂಟು. ಬಿಸಿಗಾಳಿಗೂ ಒಂದು ತೊಡಕಿದೆ. ಕಾವು ಹೊರಗಿನಿಂದ ಒಳಕ್ಕೆ ಹೋಗಬೇಕು. ಮೇಲ್ಮೈ ಮೊದಲು ಒಣಗುತ್ತದೆ. ಒಣಗಿದ ನಾರು ಕಂಬಳಿಯಂತೆ ಕಾವನ್ನು ತಡೆಯುತ್ತದೆ. ಒಳಗೆ ಉಳಿದ ಕೊನೆಯ ತೇವ ಹೊರಡಲು ತುಂಬ ಹೊತ್ತು ಬೇಕು. ಒಂದು ಕಡೆ ಒಣಗಿ ಇನ್ನೊಂದು ಕಡೆ ಒಣಗದಿದ್ದರೆ ಟ್ರೇ ಸೊಟ್ಟಗಾಗುತ್ತದೆ.

ಸೂಕ್ಷ್ಮತರಂಗ, ಎಂದರೆ ಮೈಕ್ರೋವೇವ್, ಉಪಯೋಗಕ್ಕೆ ಬರುವುದು ಇಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಡಾರಿಗಾಗಿ ಬೆಳೆದ ಮ್ಯಾಗ್ನೆಟ್ರಾನ್ ಎಂಬ ನಳಿಗೆಯಿಂದ ಈ ತರಂಗಗಳು ಹೊರಡುತ್ತವೆ. ಅಮೆರಿಕದ ಪರ್ಸಿ ಸ್ಪೆನ್ಸರ್ ಎಂಬವರು 1945ರಲ್ಲಿ ಇದರಿಂದ ಆಹಾರವನ್ನು ಬಿಸಿಮಾಡುವ ಪೇಟೆಂಟಿಗೆ ಅರ್ಜಿ ಹಾಕಿದರು. ಮನೆಯ ಒಲೆಯಲ್ಲಿ ಈ ತರಂಗ ಸೆಕೆಂಡಿಗೆ 245 ಕೋಟಿ ಸಲ ಕಂಪಿಸುತ್ತದೆ. ನೀರಿನ ಅಣುಗಳು ಆ ಕುಣಿತಕ್ಕೆ ಹೆಜ್ಜೆ ಹಾಕಹೋಗಿ, ಒಂದನ್ನೊಂದು ತಿಕ್ಕಿ ಬಿಸಿಯಾಗುತ್ತವೆ. ಒಣ ನಾರು ಈ ತರಂಗವನ್ನು ಬಹಳ ಕಡಿಮೆ ಹೀರುತ್ತದೆ. ಎಲ್ಲಿ ತೇವವಿದೆಯೋ ಅಲ್ಲಿಗೇ ಹೆಚ್ಚು ಕಾವು ಮುಟ್ಟುತ್ತದೆ. ಒಳಗೆ ಹುಟ್ಟಿದ ಆವಿ ತೇವವನ್ನು ಹೊರಕ್ಕೆ ತಳ್ಳುತ್ತದೆ. ನಿಮಿಷಗಳ ಕೆಲಸ ಬೇಗ ಮುಗಿಯುತ್ತದೆ, ಒಲೆಯ ಉದ್ದವೂ ತಗ್ಗುತ್ತದೆ. ದಪ್ಪ ಮೂಲೆಗಳಿರುವ ಮಾಲಿಗೆ ಇದು ಬಹು ಒಳ್ಳೆಯದು.

ಹಾಗಾದರೆ ಎಲ್ಲವನ್ನೂ ಇದರಿಂದಲೇ ಒಣಗಿಸಬಾರದೇಕೆ? ಈಗ ಗುಮಾಸ್ತನ ಲೆಕ್ಕಕ್ಕೆ ಬರೋಣ. ಒಂದು ಗ್ರಾಮು ನೀರನ್ನು ಕುದಿಯುವ ಮಟ್ಟಕ್ಕೆ ತಂದು ಆವಿಮಾಡಲು ಸುಮಾರು 615 ಕ್ಯಾಲೊರಿ ಕಾವು ಬೇಕು. 210 ಗ್ರಾಮಿಗೆ ಹತ್ತಿರ ಹತ್ತಿರ 0.15 ಯೂನಿಟ್ಟು ವಿದ್ಯುತ್ತಾಯಿತು. ಕೊಟ್ಟ ವಿದ್ಯುತ್ತಿನಲ್ಲಿ ನೂರಕ್ಕೆ 60 ಪಾಲು ನೀರನ್ನು ಮುಟ್ಟುವುದೆಂದು ಹಿಡಿದರೆ 0.25 ಯೂನಿಟ್ಟು. ಯೂನಿಟ್ಟಿಗೆ 8 ರೂಪಾಯಿ ಎಂದುಕೊಳ್ಳಿ. ಒಂದು ಟ್ರೇಗೆ 2 ರೂಪಾಯಿ. ದಿನಕ್ಕೆ ಹತ್ತು ಸಾವಿರ ಟ್ರೇ ಮಾಡುವವನಿಗೆ ಒಣಗಿಸುವುದೊಂದಕ್ಕೇ 20,000 ರೂಪಾಯಿ! ಕೆಲವೇ ರೂಪಾಯಿಗೆ ಮಾರುವ ಸರಕು ಇಷ್ಟು ಭಾರವನ್ನು ಹೊರಲಾರದು.

ಬಿಸಿಗಾಳಿಯಿಂದ ಮೊದಲು 170 ಗ್ರಾಮು ನೀರನ್ನು ತೆಗೆದು, ಹಟಮಾಡಿ ಕೂತ ಕೊನೆಯ 40 ಗ್ರಾಮಿಗೆ ಮಾತ್ರ ತರಂಗವನ್ನು ಬಳಸಿದರೆ ಆ ಭಾಗದ ವಿದ್ಯುತ್ತಿನ ಖರ್ಚು ಟ್ರೇಗೆ ಸುಮಾರು 38 ಪೈಸೆ. ಬಿಸಿಗಾಳಿಯ ಸೌದೆ, ಹೊಟ್ಟು ಅಥವಾ ಗ್ಯಾಸಿನ ಖರ್ಚು ಬೇರೆ ಇದೆ, ಒಪ್ಪುತ್ತೇನೆ. ಆದರೆ ಬರಿಯ ಕಾವಿಗೆ ಅವು ವಿದ್ಯುತ್ತಿಗಿಂತ ಅಗ್ಗ.

ಇದಕ್ಕೂ ಅಗ್ಗವಾದ ದಾರಿ ಇನ್ನೊಂದುಂಟು. ಒಲೆಗೆ ಹಾಕುವ ಮುಂಚೆಯೇ ಚೆನ್ನಾಗಿ ಹೀರಿ, ಒತ್ತಿ, ತೇವವನ್ನು ನೂರಕ್ಕೆ 75ರಿಂದ 70ಕ್ಕೆ ಇಳಿಸಿ ನೋಡಿ. ಕೇಳಲು ಐದೇ ಅಂಶ. ಆದರೆ 210 ಗ್ರಾಮು ಇದ್ದ ನೀರು 163 ಗ್ರಾಮಿಗೆ ಬಂತು. ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಕಾವು ಉಳಿಯಿತು. ನಮ್ಮ ತಾಯಂದಿರು ಸೀರೆಯನ್ನು ಹಿಂಡದೆ ಹಗ್ಗಕ್ಕೆ ಹಾಕುತ್ತಾರೆಯೆ?

ಅಪಾಯಗಳನ್ನೂ ಹೇಳಬೇಕು. ತರಂಗ ಎಲ್ಲೆಡೆ ಒಂದೇ ಸಮ ಹರಡದಿದ್ದರೆ ಅಲ್ಲಲ್ಲಿ ಕಾವು ಮಿತಿಮೀರಿ ಒಣ ನಾರು ಕರಕಲಾಗುತ್ತದೆ, ಬೆಂಕಿಯೂ ಹತ್ತೀತು. ಮಾಲನ್ನು ಸಾಗಿಸುವ ಪಟ್ಟಿ ನಿಂತ ಕ್ಷಣವೇ ತರಂಗವೂ ನಿಲ್ಲುವಂತಿರಬೇಕು. ರದ್ದಿಯಲ್ಲಿ ಬಂದ ಪಿನ್ನು ಕಿಡಿ ಹಾರಿಸಬಲ್ಲುದು. ಮಾಲು ಒಳಹೋಗುವ, ಹೊರಬರುವ ಬಾಯಿಗಳಲ್ಲಿ ತರಂಗ ಸೋರದಂತೆ ತಡೆ ಬೇಕು. ಕೆಲಸಗಾರರ ಮೈ ಕಾಯುವ ಈ ಖರ್ಚಿನಲ್ಲಿ ಚೌಕಾಸಿ ಸಲ್ಲದು. ಆವಿಯನ್ನು ಒಯ್ಯಲು ಗಾಳಿಯ ಓಟವೂ ಇರಬೇಕು. ಕಬ್ಬಿನ ಸಿಪ್ಪೆಯ ನುಣುಪಾದ ತಟ್ಟೆಗಳನ್ನು ಕಾದ ಲೋಹದ ಅಚ್ಚಿನೊಳಗೇ ಒತ್ತಿ ಒಣಗಿಸುತ್ತಾರೆ. ಲೋಹವು ತರಂಗವನ್ನು ಹಿಂದಕ್ಕೆ ಹೊಡೆಯುತ್ತದೆ. ಅಲ್ಲಿ ಈ ಉಪಾಯ ನಡೆಯದು.

ಹೊಸ ಯಂತ್ರವೆಂದರೆ ಬೇಡವೆನ್ನುವವನು ನಾನಲ್ಲ. ಅದನ್ನು ಕೊಳ್ಳಲು ತಾಯಿಯ ಒಡವೆಯನ್ನು ಅಡವಿಡುವ ತರುಣನು ಮಾರುವವನನ್ನು ಮೂರು ಪ್ರಶ್ನೆ ಕೇಳಲಿ: ಒಲೆಗೆ ಬರುವಾಗ ನನ್ನ ಮಾಲಿನಲ್ಲಿ ನೀರೆಷ್ಟು? ಒಂದು ಕಿಲೋ ನೀರನ್ನು ತೆಗೆಯಲು ನಿಮ್ಮ ಯಂತ್ರ ತಿನ್ನುವ ವಿದ್ಯುತ್ತೆಷ್ಟು? ನನ್ನದೇ ಮಾಲನ್ನು ನನ್ನೆದುರಿಗೆ ಒಣಗಿಸಿ ತೂಗಿ ತೋರಿಸುವಿರಾ? ಉತ್ತರ ಬಂದ ಮೇಲೆ ಸಹಿ ಹಾಕಲಿ. ತಕ್ಕಡಿ ಹೇಳುವ ಮಾತು ಬಣ್ಣದ ಪತ್ರಿಕೆಯ ಮಾತಿಗಿಂತ ನಂಬಿಕೆಗೆ ಯೋಗ್ಯ.