ಚೋಮನ ಎತ್ತು, ದಾಸಾಚಾರ್ಯನ ಹಸಿವು
(ಉಪನ್ಯಾಸವೊಂದರ ಬರಹರೂಪ)



ನಾವು ಓದಿದ ಕಾದಂಬರಿಗಳ ಕಥೆ ಎಷ್ಟೋ ಸಲ ಮರೆತುಹೋಗುತ್ತದೆ. ಪಾತ್ರ ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಒಂದೇ ಊರು, ಒಂದೇ ಜಾತಿ, ಒಂದೇ ಬಡತನದ ಹತ್ತು ಜನರಲ್ಲಿ ಒಬ್ಬನೇ ನಮ್ಮ ಮನಸ್ಸಿನಲ್ಲಿ ಏಕೆ ನಿಲ್ಲುತ್ತಾನೆ?

ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನೇ ನೋಡಿ. ಅದು ಪ್ರಕಟವಾದದ್ದು 1933ರಲ್ಲಿ. ಧಣಿಯ ಹೊಲದಲ್ಲಿ ದುಡಿಯುವ ಭೂಹೀನ ದಲಿತರು ಆ ಸೀಮೆಯಲ್ಲಿ ಸಾವಿರಾರು ಮಂದಿ. ಚೋಮನೂ ಅವರಲ್ಲೊಬ್ಬ. ಆದರೆ ಉಳಲು ಅಂಗೈಯಗಲ ಭೂಮಿಯಿಲ್ಲದ ಈ ಮನುಷ್ಯ ಒಂದು ಜೊತೆ ಎತ್ತು ಸಾಕಿಕೊಂಡಿದ್ದಾನೆ. ಬೇಸಾಯಗಾರನಾಗಬೇಕೆಂಬ ಅವನ ಆಸೆಯನ್ನು ಲೇಖಕರು ಬಣ್ಣಿಸಬೇಕಾಗಿಯೇ ಇಲ್ಲ. ಹಟ್ಟಿಯ ಮುಂದೆ ನಿಂತ ಎತ್ತುಗಳೇ ಅದನ್ನು ಹೇಳುತ್ತವೆ. ಬಾಯಲ್ಲಿ ಆಡಲಾಗದ ದುಃಖ, ಸಿಟ್ಟುಗಳಿಗೆ ದುಡಿಯಿದೆ.

ಧಣಿ ಸಂಕಪ್ಪಯ್ಯನನ್ನೂ ಕಾರಂತರು ಬರಿಯ ಕ್ರೂರಿಯನ್ನಾಗಿ ಮಾಡಲಿಲ್ಲ. ಅವನ ಮನಸ್ಸು ಕೊಂಚ ಕರಗುತ್ತದೆ. ಅಡ್ಡ ಬರುವವಳು ಸಂಪ್ರದಾಯ ಬಿಡದ ತಾಯಿ. ಒಂದೇ ಮನೆಯೊಳಗಿನ ಈ ಭೇದದಿಂದಾಗಿಯೇ ಅನ್ಯಾಯದ ಬೇರು ಎಷ್ಟು ಆಳವಾದದ್ದೆಂಬುದು ಕಾಣುತ್ತದೆ. ಒಬ್ಬನ ಒಳ್ಳೆಯತನ ಅದನ್ನು ಕೀಳಲಾರದು.

ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965) ಇಡೀ ಅಗ್ರಹಾರಕ್ಕೆ ಎದುರಾಗುವುದು ಒಂದೇ ಸಮಸ್ಯೆ. ನಾರಣಪ್ಪನ ಹೆಣ ಸುಡುವವರು ಯಾರು? ಅದು ತೀರ್ಮಾನವಾಗುವವರೆಗೆ ಯಾರೂ ಉಣ್ಣುವಂತಿಲ್ಲ. ಚಂದ್ರಿ ತನ್ನ ಒಡವೆ ಬಿಚ್ಚಿಟ್ಟೊಡನೆ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರ ಕಣ್ಣು ಚಿನ್ನದ ಮೇಲೆ ಬೀಳುತ್ತದೆ. ದಾಸಾಚಾರ್ಯನನ್ನು ಕಾಡುವುದು ಹಸಿವು. ತಾಳಲಾರದೆ ಅವನು ಸ್ಮಾರ್ತರ ಮನೆಯಲ್ಲಿ ಗುಟ್ಟಾಗಿ ತಿಂದುಬರುತ್ತಾನೆ. ಪ್ರಾಣೇಶಾಚಾರ್ಯರು ಉತ್ತರಕ್ಕಾಗಿ ಗ್ರಂಥಗಳನ್ನು ತಡಕುತ್ತಾರೆ. ಸಂಕಟ ಒಂದೇ, ಅದಕ್ಕೆ ಒಬ್ಬೊಬ್ಬರು ಓಗೊಡುವ ಬಗೆ ಬೇರೆ. ವ್ಯಕ್ತಿತ್ವವೆಂದರೆ ಇದೇ.

ಸಿನಿಮಾದ ದಾರಿ ಬೇರೆ. ‘ಅವನು ಮನಸ್ಸಿನಲ್ಲಿ ಹೀಗೆಂದುಕೊಂಡ’ ಎಂದು ಕ್ಯಾಮರಾ ಹೇಳಲಾರದು. ಕಂಡದ್ದು, ಕೇಳಿದ್ದು ಇಷ್ಟೇ ಅದರ ಬಂಡವಾಳ. 1970ರ ‘ಸಂಸ್ಕಾರ’ ಚಿತ್ರದಲ್ಲಿ ಗಿರೀಶ ಕಾರ್ನಾಡರ ಪ್ರಾಣೇಶಾಚಾರ್ಯ ಮತ್ತು ಪಿ. ಲಂಕೇಶರ ನಾರಣಪ್ಪ, ಇಬ್ಬರ ಮುಖ, ದನಿಗಳೇ ಅರ್ಧ ವಾದ ಮಂಡಿಸಿಬಿಡುತ್ತವೆ. ಬಿ.ವಿ. ಕಾರಂತರು 1975ರಲ್ಲಿ ‘ಚೋಮನ ದುಡಿ’ಯನ್ನು ತೆರೆಗೆ ತಂದಾಗ ಪುಟದ ಮೇಲಿನ ದುಡಿ ಕಿವಿಗೆ ಬಿತ್ತು. ಚೋಮನಾದ ಎಂ.ವಿ. ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಸಂದಿತು.

ಹಾಗೆಂದು ಪಾತ್ರಕ್ಕೊಂದು ವಿಚಿತ್ರ ಚಾಳಿ ಅಂಟಿಸಿದರೆ ಸಾಕೇ? ನಮ್ಮ ಅನೇಕ ಚಿತ್ರಗಳು ಉಗ್ಗನ್ನು, ಕುಂಟನ್ನು ನಗೆಗೆ ಬಳಸಿ ಪಾತ್ರ ಮಾಡಿದೆವೆಂದು ತಿಳಿದವು. ಅಲ್ಲಿ ಕೊರತೆ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಪರೀಕ್ಷೆ ಸುಲಭ: ಆ ವಿಶೇಷವನ್ನು ತೆಗೆದುಹಾಕಿ ನೋಡಿ. ಕಥೆ ಹಾಗೆಯೇ ನಡೆದರೆ ಅದು ಬರಿಯ ಅಲಂಕಾರ. ಚೋಮನ ಎತ್ತುಗಳನ್ನು ತೆಗೆದರೆ ಕಥೆಯೇ ಉಳಿಯುವುದಿಲ್ಲ.

ಇದು ಬರಿಯ ಕಸುಬಿನ ಮಾತಲ್ಲ. ಬಡವ, ದಲಿತ, ವಿಧವೆ ಎಂದು ಗುಂಪಿನ ಹೆಸರಿನಿಂದಲೇ ಕರೆದು ಮುಗಿಸುವುದು ಸಮಾಜದ ಅಭ್ಯಾಸ. ಮರುಕದಿಂದ ಬರೆದರೂ ಲೇಖಕ ಅದನ್ನೇ ಮಾಡಿಬಿಡಬಹುದು. ಗುಂಪಿನ ಬಗ್ಗೆ ನಮಗೆ ಕನಿಕರ ಹುಟ್ಟೀತು. ನೋವು ತಟ್ಟುವುದು ಒಬ್ಬನದು. ಚೋಮ ದುಡಿ ಬಾರಿಸುತ್ತ ಪ್ರಾಣ ಬಿಟ್ಟಾಗ ನಮಗೆ ತಟ್ಟುವುದು ಅಂಥದು. ಆಮೇಲೆಯೇ ಅವನ ಹಿಂದಿನ ಸಾವಿರ ಮಂದಿ ಒಬ್ಬೊಬ್ಬರಾಗಿ ಕಾಣತೊಡಗುತ್ತಾರೆ.