ಕೊಡದ ಲೆಕ್ಕ

ಜತ್ತ ಸೀಮೆಯ ಕನ್ನಡ ಬಾಂಧವರೇ,

ನೀರಿಲ್ಲದೆ ಬೇಸತ್ತ ಈ ತಾಲೂಕಿನ 40 ಗ್ರಾಮ ಪಂಚಾಯತಿಗಳು ಕರ್ನಾಟಕವನ್ನು ಸೇರಲು ಹಿಂದೆ ಮಾಡಿದ ಠರಾವಿನ ಮಾತು 2022ರ ನವೆಂಬರಿನಲ್ಲಿ ಎರಡೂ ರಾಜ್ಯಗಳಲ್ಲಿ ಮತ್ತೆ ಚರ್ಚೆಗೆ ಬಂದಿತು. ಏಕೀಕರಣದ ಬೇಡಿಕೆಯನ್ನು ನಾವು ಬಿಟ್ಟಿಲ್ಲ. ಆದರೆ ಅದು ಇತ್ಯರ್ಥವಾಗುವವರೆಗೆ ನಮ್ಮ ತಾಯಂದಿರ ಕೊಡಗಳು ಕಾಯಲಾರವು. ಆದುದರಿಂದ ಇಂದು ಅಳತೆಯ ವಿಷಯವನ್ನೇ ಹೇಳುತ್ತೇವೆ.

2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಹಳ್ಳಿಗರಿಗೆ ದಿನಕ್ಕೆ ತಲೆಗೆ 55 ಲೀಟರ್ ನೀರನ್ನು ಗೊತ್ತುಪಡಿಸಿತು. ಅಂದರೆ ಐದು ಜನರ ಮನೆಗೆ 275 ಲೀಟರ್. ಎರಡು ಸಾವಿರ ಜನರ ಊರಿಗೆ 1,10,000 ಲೀಟರ್. ನಿಮಗೆ ಮುಟ್ಟುವುದೆಷ್ಟು? 15 ಲೀಟರಿನ ಕೊಡವನ್ನು ನಳದ ಕೆಳಗಿಟ್ಟು ಗಡಿಯಾರ ನೋಡಿರಿ. ಮೂರು ನಿಮಿಷಕ್ಕೆ ತುಂಬಿದರೆ ನಿಮಿಷಕ್ಕೆ 5 ಲೀಟರ್. ನಳವು ಅರ್ಧ ತಾಸು ಮಾತ್ರ ಬಂದರೆ 150. ತಲೆಗೆ 30 ಲೀಟರ್ ಬಂದಿತು, 25 ಬಾಕಿ ಉಳಿಯಿತು.

ಮೀಟರು ಕರ ವಸೂಲಿಯ ಯಂತ್ರವೆಂಬ ಸಂಶಯ ಹಲವರಲ್ಲಿದೆ. ಅದು ನಿರಾಧಾರವೂ ಅಲ್ಲ. ಆದರೂ ಊರ ಟಾಕಿಯ ಬಾಯಿಗೆ ಒಂದು ಮೀಟರನ್ನು ನಾವೇ ಕೇಳಿ ಹಾಕಿಸಬೇಕು. ಟಾಕಿಯಿಂದ ಹೊರಟ ನೀರಿಗೂ ಮನೆಗಳಿಗೆ ಮುಟ್ಟಿದ ನೀರಿಗೂ ಇರುವ ಅಂತರವು ಅದರಿಂದ ಬಯಲಾಗುವುದು. ಎಲ್ಲ ನಳಗಳನ್ನು ಮುಚ್ಚಿದ ರಾತ್ರಿಯಲ್ಲಿಯೂ ಮುಳ್ಳು ತಿರುಗುತ್ತಿದ್ದರೆ ಎಲ್ಲಿಯೋ ಕೊಳವೆ ಒಡೆದಿದೆ, ಇಲ್ಲವೆ ಯಾರದೋ ಹೊಲಕ್ಕೆ ಕಳ್ಳ ಜೋಡಣೆಯಿದೆ.

‘ನೀರು ಸಾಲದು’ ಎಂಬ ದೂರಿಗೆ ಅಧಿಕಾರಿಗಳು ತಲೆದೂಗಿ ಸುಮ್ಮನಾಗುವರು. ಅಂಕಿಗಳಿಗೆ ಉತ್ತರ ಕೊಡಬೇಕಾಗುವುದು. ಸಂವಿಧಾನದ 350ನೆಯ ಅನುಚ್ಛೇದದಂತೆ ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಬಹುದು. ಹದಿನೈದು ದಿನಗಳ ಲೆಕ್ಕವನ್ನು ಅದಕ್ಕೆ ಲಗತ್ತಿಸಿರಿ. ಒಂದು ಪ್ರತಿಯನ್ನು ಊರಲ್ಲಿಯೇ ಇಟ್ಟುಕೊಳ್ಳಿರಿ.